ಕೆನಡಾದ ಲಂಡನ್‌ನಲ್ಲಿ ಮುನಿಸಿಪಲ್ ಚುನಾವಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇದು ಇಂಗ್ಲೆಂಡಿನ ಲಂಡನ್ ವಿಷಯ ಅಲ್ಲ. ಒಂಟಾರಿಯೊ ಪ್ರಾಂತ್ಯದಲ್ಲಿ, ಟೊರಾಂಟೊದಿಂದ ಕಾರಿನಲ್ಲಿ ಎರಡು ಗಂಟೆ ದೂರದಲ್ಲಿರುವ ಲಂಡನ್‌ನ ವಿಷಯ. 2021ರ ಜನಗಣತಿ ಪ್ರಕಾರ ಇಲ್ಲಿನ ಜನಸಂಖ್ಯೆ ಸುಮಾರು 4.22 ಲಕ್ಷ. ವೆಸ್ಟರ್ನ್ ಯೂನಿವರ್ಸಿಟಿ, ಫ್ಯಾನ್‌ಶಾ ಕಾಲೇಜು ಎರಡೂ ಇಲ್ಲೇ ಇವೆ. ಓದಲು ಬಂದು ಇಲ್ಲೇ ಉಳಿದವರು, ಟೊರಾಂಟೊ ಬಾಡಿಗೆ ತಾಳಲಾರದೆ ಇಲ್ಲಿ ಮನೆ ಮಾಡಿದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಚುನಾವಣೆ ಯಾವಾಗ ನಡೆಯುತ್ತದೆ?

ನಾಲ್ಕು ವರ್ಷಕ್ಕೊಮ್ಮೆ, ಅಕ್ಟೋಬರ್ ತಿಂಗಳ ನಾಲ್ಕನೇ ಸೋಮವಾರ. ಒಂಟಾರಿಯೊದ ಎಲ್ಲ ಊರುಗಳಲ್ಲೂ ಅದೇ ದಿನ. 2018ರಲ್ಲಿ ಅಕ್ಟೋಬರ್ 22, 2022ರಲ್ಲಿ ಅಕ್ಟೋಬರ್ 24, 2026ರಲ್ಲಿ ಅಕ್ಟೋಬರ್ 26. ದಿನಾಂಕ ಕಾನೂನಿನಲ್ಲೇ ಬರೆದಿದೆ. ಆಯೋಗ ಘೋಷಿಸಲಿ ಎಂದು ಕಾಯಬೇಕಾಗಿಲ್ಲ, ಸರ್ಕಾರ ಮುಂದೂಡುತ್ತದೇನೋ ಎಂಬ ಅನುಮಾನವೂ ಬೇಡ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಅವಧಿ ಮುಗಿದ ಮೇಲೆ ಕಾರ್ಪೊರೇಟರ್‌ಗಳೇ ಇಲ್ಲದೆ ವರ್ಷಗಟ್ಟಲೆ ಕಳೆದ ಬೆಂಗಳೂರಿನವರಿಗೆ ಇದು ಸ್ವಲ್ಪ ಹೊಟ್ಟೆಕಿಚ್ಚಿನ ವಿಷಯವೇ.

ಹೀಗೆ ದಿನ ಗಟ್ಟಿಯಾಗಿರುವುದರಿಂದ ಒಂದು ತೊಂದರೆಯೂ ಇದೆ. 2022ರ ಮತದಾನ ದೀಪಾವಳಿಯ ದಿನವೇ ಬಿತ್ತು. ಅವತ್ತು ದೀಪ ಹಚ್ಚುವ ಹೊತ್ತಿಗೆ ಮತಗಟ್ಟೆ ಇನ್ನೂ ತೆರೆದಿತ್ತು, ಆದರೆ ಎಷ್ಟು ಜನ ಎದ್ದು ಹೋದರು ಅನ್ನುವುದು ಬೇರೆ ಮಾತು. 2026ರಲ್ಲಿ ಆ ಚಿಂತೆ ಇಲ್ಲ, ದೀಪಾವಳಿ ನವೆಂಬರ್‌ನಲ್ಲಿ ಬರುತ್ತದೆ.

ಯಾರನ್ನು ಆರಿಸಬೇಕು?

ಮೂರು ಮತ ಇರುತ್ತದೆ. ಇಡೀ ಊರಿಗೆ ಒಬ್ಬ ಮೇಯರ್, ನಿಮ್ಮ ವಾರ್ಡಿಗೆ ಒಬ್ಬ ಕೌನ್ಸಿಲರ್, ಶಾಲಾ ಮಂಡಳಿಗೆ ಟ್ರಸ್ಟಿ, ಅಂದರೆ ಮಂಡಳಿಯ ಸದಸ್ಯ. ಲಂಡನ್‌ನಲ್ಲಿ 14 ವಾರ್ಡುಗಳಿವೆ. 14 ಕೌನ್ಸಿಲರ್, ಒಬ್ಬ ಮೇಯರ್, ಒಟ್ಟು 15 ಜನರ ಕೌನ್ಸಿಲ್. ವಾರ್ಡ್ ಗಡಿಯನ್ನು ಆಗಾಗ ಬದಲಾಯಿಸುತ್ತಾರೆ. ಹಾಗಾಗಿ ಹೋದ ಸಲದ ನೆನಪಿನ ಮೇಲೆ ಹೋಗದೆ, ನಿಮ್ಮ ವಿಳಾಸ ಯಾವ ವಾರ್ಡಿಗೆ ಸೇರುತ್ತದೆ ಎಂದು ಸಿಟಿ ವೆಬ್‌ಸೈಟಿನಲ್ಲಿ ಹಾಕಿ ನೋಡಿಕೊಳ್ಳಿ.

ನಮ್ಮಲ್ಲಿ ಕಾರ್ಪೊರೇಟರ್‌ಗಳು ಸೇರಿ ಮೇಯರನ್ನು ಆರಿಸುತ್ತಾರೆ. ಇಲ್ಲಿ ಮೇಯರನ್ನು ಜನರೇ ನೇರವಾಗಿ ಆರಿಸುತ್ತಾರೆ, ಅವಧಿ ಪೂರ್ತಿ ನಾಲ್ಕು ವರ್ಷ. 2022ರಲ್ಲಿ ಜಾಶ್ ಮಾರ್ಗನ್ ಗೆದ್ದರು.

ಪ್ರಧಾನಿಯೂ ಅಲ್ಲ, ಪ್ರಾಂತ್ಯದ ಮುಖ್ಯಸ್ಥ ಪ್ರೀಮಿಯರೂ ಅಲ್ಲ. ಈ ಕೌನ್ಸಿಲ್ ಕೈಯಲ್ಲಿ ಏನಿದೆ ಅಂತ ತಲೆ ಕೆಡಿಸಿಕೊಳ್ಳಬೇಕು?

ಬೆಳಗ್ಗೆ ಎದ್ದರೆ ಎದುರಾಗುವುದೆಲ್ಲ ಇವರ ಕೈಯಲ್ಲೇ ಇದೆ. ಕುಡಿಯುವ ನೀರು, ಕಸ, ಬಸ್ಸು, ಹಿಮ ತೆಗೆಯುವುದು, ಪಾರ್ಕು, ಲೈಬ್ರರಿ, ಅಗ್ನಿಶಾಮಕ ದಳ, ಪೊಲೀಸ್ ಬಜೆಟ್, ಯಾವ ಬೀದಿಯಲ್ಲಿ ಎಷ್ಟು ಮಹಡಿ ಕಟ್ಟಬಹುದು ಅನ್ನುವುದು, ಎಲ್ಲ.

ಕಸದ್ದೇ ತೆಗೆದುಕೊಳ್ಳಿ. 2024ರ ಜನವರಿವರೆಗೆ ಲಂಡನ್‌ನಲ್ಲಿ ಅಡುಗೆಮನೆಯ ಹಸಿ ಕಸಕ್ಕೆ ಬೇರೆ ಡಬ್ಬವೇ ಇರಲಿಲ್ಲ. ಬದನೆಕಾಯಿ ತೊಟ್ಟು, ಹಳಸಿದ ಸಾರು, ಕಾಫಿ ಗಸಿ ಎಲ್ಲವೂ ಒಂದೇ ಕಪ್ಪು ಚೀಲಕ್ಕೆ. ಆಮೇಲೆ ಗ್ರೀನ್ ಬಿನ್ ಬಂತು. ಹಸಿ ಕಸ ವಾರಕ್ಕೊಮ್ಮೆ, ಉಳಿದ ಕಸ ಎರಡು ವಾರಕ್ಕೊಮ್ಮೆ ಎಂದಾಯಿತು. ಟೊರಾಂಟೊದಲ್ಲಿ ಇದು ಎಷ್ಟೋ ವರ್ಷ ಮೊದಲೇ ಇತ್ತು. ಇಲ್ಲಿ ಇಷ್ಟು ತಡವಾದದ್ದು ಕೌನ್ಸಿಲ್ ತಡ ಮಾಡಿದ್ದರಿಂದ, ಕೊನೆಗೆ ಬಂದದ್ದೂ ಕೌನ್ಸಿಲ್ ಮತ ಹಾಕಿದ್ದರಿಂದ. ರಾಜಧಾನಿ ಒಟ್ಟಾವದಿಂದ ಯಾರೂ ಬಂದು ಮಾಡಲಿಲ್ಲ.

ಇನ್ನು ಹಣದ ವಿಷಯ. ಆಸ್ತಿ ತೆರಿಗೆ 2024ರಲ್ಲಿ ಒಂದೇ ವರ್ಷಕ್ಕೆ ಶೇ. 8ಕ್ಕಿಂತ ಜಾಸ್ತಿ ಏರಿತು. ಪೊಲೀಸರಿಗೆ ಕೊಟ್ಟ ದೊಡ್ಡ ಮೊತ್ತ ಅದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು. ಅದು ಬೇಕಿತ್ತೋ ಬೇಡವೋ ಎಂದು ಮನೆಯ ಸೋಫಾ ಮೇಲೆ ಕುಳಿತು ವಾದ ಮಾಡಬಹುದು, ಕೈ ಎತ್ತಿ ತೀರ್ಮಾನ ಮಾಡಿದವರು ಮಾತ್ರ ಈ 15 ಜನ. ನಾನು ಬಾಡಿಗೆ ಮನೆಯಲ್ಲಿದ್ದೇನೆ, ನನಗೇನು ಅನ್ನಬೇಡಿ. ಮಾಲೀಕರು ತೆರಿಗೆಯನ್ನು ತಮ್ಮ ಜೇಬಿನಿಂದ ಕಟ್ಟುತ್ತಾರೆ ಎಂದುಕೊಂಡಿದ್ದೀರಾ?

ನಾನು ಪಿಆರ್ (ಪೌರತ್ವವಿಲ್ಲದೆ ಕಾಯಂ ವಾಸದ ಅನುಮತಿ ಇರುವವರು). ನನಗೆ ಮತ ಇದೆಯಾ?

ಇಲ್ಲ. ಇದು ಎಲ್ಲರಿಗಿಂತ ಜಾಸ್ತಿ ಬರುವ ಪ್ರಶ್ನೆ, ಉತ್ತರ ಮಾತ್ರ ಎರಡೇ ಅಕ್ಷರ. ಮತ ಹಾಕಲು ಕೆನಡಾ ಪ್ರಜೆಯಾಗಿರಬೇಕು, 18 ತುಂಬಿರಬೇಕು, ಲಂಡನ್‌ನಲ್ಲಿ ವಾಸ ಇರಬೇಕು ಅಥವಾ ಇಲ್ಲಿ ಆಸ್ತಿ ಇರಬೇಕು ಇಲ್ಲವೇ ಬಾಡಿಗೆಗೆ ಹಿಡಿದಿರಬೇಕು. ಪಿಆರ್, ವರ್ಕ್ ಪರ್ಮಿಟ್, ಸ್ಟಡಿ ಪರ್ಮಿಟ್ ಯಾವುದಕ್ಕೂ ಮತ ಇಲ್ಲ. ಹತ್ತು ವರ್ಷದಿಂದ ತೆರಿಗೆ ಕಟ್ಟುತ್ತಿದ್ದರೂ ಇಲ್ಲ.

ಇದು ಸರಿಯಲ್ಲ ಎಂದು ನನಗನ್ನಿಸುತ್ತದೆ. ದೇಶದ ಚುನಾವಣೆಗೆ ಪೌರತ್ವ ಕೇಳಲಿ, ಒಪ್ಪೋಣ. ಬಸ್ ಎಷ್ಟು ನಿಮಿಷಕ್ಕೊಂದು ಬರಬೇಕು ಎಂದು ಹೇಳಲು ಪಾಸ್‌ಪೋರ್ಟ್ ಯಾಕೆ? ಆದರೆ ಕಾನೂನು ಪ್ರಾಂತ್ಯದ್ದು, ಸಿಟಿ ಬಯಸಿದರೂ ಬದಲಾಯಿಸಲು ಬರುವುದಿಲ್ಲ.

ಇನ್ನೊಂದು ಗೊಂದಲ ಭಾರತದ ಮತದ ಬಗ್ಗೆ. ಪಿಆರ್ ಆಗಿದ್ದು ಭಾರತದ ಪಾಸ್‌ಪೋರ್ಟ್ ಇದ್ದರೆ ಅನಿವಾಸಿ ಮತದಾರರಾಗಿ ಫಾರಂ 6ಎ ತುಂಬಿ ಊರಿನ ಪಟ್ಟಿಗೆ ಸೇರಬಹುದು, ಮತ ಹಾಕಲು ಮಾತ್ರ ಖುದ್ದಾಗಿ ಅಲ್ಲಿಗೆ ಹೋಗಬೇಕು. ಕೆನಡಾ ಪೌರತ್ವ ತೆಗೆದುಕೊಂಡ ದಿನವೇ ಭಾರತದ ಪೌರತ್ವ ಹೋಗುತ್ತದೆ, ಮತವೂ ಅದರ ಜೊತೆಗೇ. ವಿದೇಶಿ ಪ್ರಜೆಗಳಾದ ಭಾರತೀಯ ಮೂಲದವರಿಗೆ ಕೊಡುವ ಓಸಿಐ ಕಾರ್ಡಿಗೆ ಅಲ್ಲಿ ಮತ ಇಲ್ಲ.

ಮತ ಇಲ್ಲದವರು ಸುಮ್ನೆ ಕೂರಬೇಕಾ?

ಬೇಕಾಗಿಲ್ಲ. ಅಭ್ಯರ್ಥಿಯ ಪರ ಮನೆ ಮನೆಗೆ ಹೋಗಬಹುದು, ಕರಪತ್ರ ಹಂಚಬಹುದು. ದೇಣಿಗೆಯನ್ನೂ ಕೊಡಬಹುದು. ಮತಕ್ಕೆ ಪೌರತ್ವ ಬೇಕು, ದೇಣಿಗೆಗೆ ಒಂಟಾರಿಯೊದಲ್ಲಿ ವಾಸವಿದ್ದರೆ ಸಾಕು. ದುಡ್ಡಿಗೆ ಇರುವ ಸಲೀಸು ಮತಕ್ಕಿಲ್ಲ, ನೋಡಿ. ಒಬ್ಬ ಅಭ್ಯರ್ಥಿಗೆ 1,200 ಡಾಲರ್ ಮೇಲೆ ಕೊಡುವಂತಿಲ್ಲ. ಒಂದೇ ಕೌನ್ಸಿಲ್‌ಗೆ ನಿಂತವರಿಗೆಲ್ಲ ಸೇರಿ 5,000 ಡಾಲರ್ ಮಿತಿ. ನಗದು ಕೊಟ್ಟರೆ 25 ಡಾಲರ್ ಒಳಗೆ. ಕಂಪನಿಗಳು, ಕಾರ್ಮಿಕ ಸಂಘಗಳು ಕೊಡುವಂತೆಯೇ ಇಲ್ಲ. ನಿಮ್ಮ ಅಂಗಡಿಯ ಅಕೌಂಟಿನಿಂದ ಚೆಕ್ ಬರೆಯಬೇಡಿ, ಸ್ವಂತ ಅಕೌಂಟಿನಿಂದ ಬರೆಯಿರಿ.

ಆರಿಸಿ ಬಂದವರಿಗೆ ದೂರು ಕೊಡಲು ಯಾವ ಸ್ಟೇಟಸ್ಸೂ ಬೇಡ. ಬೀದಿ ದೀಪ ಕೆಟ್ಟಿದೆ ಎಂದು ಕೌನ್ಸಿಲರ್‌ಗೆ ಇಮೇಲ್ ಹಾಕಿದರೆ ನಿಮ್ಮ ವೀಸಾ ಯಾವುದು ಎಂದು ಯಾರೂ ಕೇಳುವುದಿಲ್ಲ.

ನಾವಿರುವುದು ಮಿಸಿಸಾಗಾದಲ್ಲಿ. ಲಂಡನ್‌ನಲ್ಲಿ ಒಂದು ಕಾಂಡೊ ಕೊಂಡು ಬಾಡಿಗೆಗೆ ಬಿಟ್ಟಿದ್ದೇವೆ. ಎರಡೂ ಕಡೆ ಮತ ಹಾಕಬಹುದಾ?

ಹಾಕಬಹುದು, ಕಳ್ಳ ಮತ ಅಲ್ಲ. ನೀವು ಪ್ರಜೆಯಾಗಿದ್ದರೆ ಮಿಸಿಸಾಗಾದಲ್ಲಿ ಒಂದು, ಲಂಡನ್‌ನಲ್ಲಿ ಒಂದು. ಕಾಂಡೊ ನಿಮ್ಮ ಹೆಸರಲ್ಲಿದ್ದು ನಿಮ್ಮ ಗಂಡ ಅಥವಾ ಹೆಂಡತಿಯೂ ಪ್ರಜೆಯಾಗಿದ್ದರೆ ಅವರಿಗೂ ಉಂಟು. ಲಂಡನ್‌ನಲ್ಲೇ ಮೂರು ಮನೆ ಇದ್ದರೂ ಇಲ್ಲಿ ಒಂದೇ ಮತ. ಮನೆ ಕಂಪನಿ ಹೆಸರಲ್ಲಿದ್ದರೆ ಅದಕ್ಕೆ ಮತ ಇಲ್ಲ.

ಆ ಕಾಂಡೊದಲ್ಲಿ ಬಾಡಿಗೆಗಿರುವ ಪಿಆರ್ ಹುಡುಗನಿಗೆ ಮತ ಇಲ್ಲ, ಆ ಮನೆಯಲ್ಲಿ ಒಂದು ರಾತ್ರಿಯೂ ಮಲಗದ ಮಾಲೀಕರಿಗೆ ಇದೆ. ಹೀಗಿದೆ ಕಾನೂನು.

ಮಗಳು ವೆಸ್ಟರ್ನ್‌ನಲ್ಲಿ ಓದುತ್ತಿದ್ದಾಳೆ, ನಮ್ಮ ಮನೆ ಬೇರೆ ಊರಲ್ಲಿ. ಅವಳ ಮತ ಎಲ್ಲಿ?

ಅವಳು ಕೆನಡಾ ಪ್ರಜೆಯಾಗಿದ್ದು ಮನೆ ಒಂಟಾರಿಯೊದ ಬೇರೆ ಊರಲ್ಲಿದ್ದರೆ ಎರಡೂ ಕಡೆ. ಓದಲು ಬಂದು ತಾತ್ಕಾಲಿಕವಾಗಿ ಇರುವ ಊರಲ್ಲೂ ಹಾಕಬಹುದು, ಊರ ಮನೆಯ ಕಡೆಯೂ ಹಾಕಬಹುದು. ಈ ಸೌಲಭ್ಯ ಇರುವುದು ಮುನಿಸಿಪಲ್ ಚುನಾವಣೆಯಲ್ಲಿ ಮಾತ್ರ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ.

ಮತದಾರರ ಪಟ್ಟಿಯಲ್ಲಿ ಹೆಸರಿದೆಯಾ ಎಂದು ಎಲ್ಲಿ ನೋಡಬೇಕು?

ಮೊದಲು ಆಸ್ತಿ ಮೌಲ್ಯ ಮಾಡುವ ಸಂಸ್ಥೆ ಎಂಪ್ಯಾಕ್ ಈ ಪಟ್ಟಿ ನೋಡಿಕೊಳ್ಳುತ್ತಿತ್ತು, ಪಟ್ಟಿ ತುಂಬಾ ತಪ್ಪುಗಳಿರುತ್ತಿದ್ದವು. 2024ರ ಜನವರಿಯಿಂದ ಆ ಕೆಲಸ ಪ್ರಾಂತ್ಯದ ಚುನಾವಣಾ ಸಂಸ್ಥೆ ಎಲೆಕ್ಷನ್ಸ್ ಒಂಟಾರಿಯೊಗೆ ಹೋಗಿದೆ. ಅವರ ಆನ್‌ಲೈನ್ ರಿಜಿಸ್ಟರ್‌ನಲ್ಲಿ ಹೆಸರು, ವಿಳಾಸ ನೋಡಿ ಸರಿಪಡಿಸಬಹುದು. ಹೊಸದಾಗಿ ಪೌರತ್ವದ ಪ್ರತಿಜ್ಞೆ ತೆಗೆದುಕೊಂಡವರು, ಈಚೆಗೆ ಮನೆ ಬದಲಾಯಿಸಿದವರು ಮರೆಯದೆ ನೋಡಿ. ಮರೆತೇ ಹೋದರೂ ಗಾಬರಿ ಬೇಡ, ಮತದಾನದ ದಿನ ಮತಗಟ್ಟೆಯಲ್ಲೇ ಫಾರಂ ತುಂಬಿ ಸೇರಿಕೊಳ್ಳಬಹುದು.

ಯಾವ ಐಡಿ ತೆಗೆದುಕೊಂಡು ಹೋಗಬೇಕು?

ಹೆಸರು ಮತ್ತು ವಿಳಾಸ ಎರಡೂ ಅಚ್ಚಾಗಿರುವ ಒಂದು ದಾಖಲೆ. ಫೋಟೊ ಇರಲೇಬೇಕು ಎಂದಿಲ್ಲ. ಡ್ರೈವಿಂಗ್ ಲೈಸೆನ್ಸ್ ಸುಲಭ. ಅದಿಲ್ಲದಿದ್ದರೆ ಬಾಡಿಗೆ ಕರಾರು, ಕರೆಂಟ್ ಬಿಲ್, ತೆರಿಗೆಯ ನೋಟಿಸ್, ಸಂಬಳದ ಚೀಟಿ ನಡೆಯುತ್ತದೆ. ಜನ ಎಡವುವುದು ಪಾಸ್‌ಪೋರ್ಟ್ ವಿಷಯದಲ್ಲಿ. ಕೆನಡಾ ಪಾಸ್‌ಪೋರ್ಟಿನಲ್ಲಿ ವಿಳಾಸ ಅಚ್ಚಾಗಿರುವುದಿಲ್ಲ, ಹಾಗಾಗಿ ಅದೊಂದನ್ನೇ ಹಿಡಿದು ಹೋದರೆ ಪ್ರಯೋಜನ ಇಲ್ಲ. ಅಂಚೆಯಲ್ಲಿ ಬರುವ ಮತದಾರರ ಕಾರ್ಡು ಕೂಡ ಐಡಿ ಅಲ್ಲ, ಯಾವ ಮತಗಟ್ಟೆ ಎಂದು ತಿಳಿಸುವ ಕಾಗದ ಅಷ್ಟೇ.

ಮತಗಟ್ಟೆಯಲ್ಲಿ ಏನು ನಡೆಯುತ್ತದೆ? ಬೆರಳಿಗೆ ಶಾಯಿ ಹಾಕುತ್ತಾರಾ?

ಶಾಯಿ ಇಲ್ಲ, ಇವಿಎಂ ಇಲ್ಲ, ಚಿಹ್ನೆಯೂ ಇಲ್ಲ. ಕಾಗದದ ಮತಪತ್ರ ಕೊಡುತ್ತಾರೆ. ಹೆಸರುಗಳು ಮನೆತನದ ಹೆಸರಿನ ಅಕ್ಷರಾನುಕ್ರಮದಲ್ಲಿರುತ್ತವೆ. ಈಗಾಗಲೇ ಕುರ್ಚಿಯಲ್ಲಿರುವವರು ಯಾರು ಎಂಬ ಗುರುತು ಇರುವುದಿಲ್ಲ. ಮರೆಯಲ್ಲಿ ನಿಂತು ನಿಮಗೆ ಬೇಕಾದ ಹೆಸರಿನ ಪಕ್ಕದ ಖಾಲಿ ಜಾಗವನ್ನು ಪೆನ್ನಿನಿಂದ ತುಂಬುತ್ತೀರಿ. ಆಮೇಲೆ ಮತಪತ್ರವನ್ನು ಒಂದು ಸ್ಕ್ಯಾನರ್ ಯಂತ್ರಕ್ಕೆ ಹಾಕುತ್ತಾರೆ, ಅದು ಒಳಗೆಳೆದುಕೊಳ್ಳುತ್ತದೆ. ಎಣಿಕೆ ಯಂತ್ರದ್ದು, ಕಾಗದ ಒಳಗೆ ಭದ್ರ. ಮತಪತ್ರದ ಫೋಟೊ ತೆಗೆಯುವಂತಿಲ್ಲ, ಸೆಲ್ಫಿ ಹೊರಗಡೆ.

ಎಲ್ಲಕ್ಕೂ ಮತ ಹಾಕಲೇಬೇಕು ಎಂದಿಲ್ಲ. ಟ್ರಸ್ಟಿಗಳು ಯಾರೂ ಗೊತ್ತಿಲ್ಲದಿದ್ದರೆ ಆ ಜಾಗ ಖಾಲಿ ಬಿಡಿ, ಉಳಿದ ಮತ ಎಣಿಕೆಯಾಗುತ್ತದೆ. ನೋಟಾ ಇಲ್ಲ. ಅಪ್ಪ ಅಮ್ಮನಿಗೆ ಕಣ್ಣು ಮಂಜು, ಇಂಗ್ಲಿಷ್ ಕಷ್ಟ ಎಂದಿದ್ದರೆ ಮತಗಟ್ಟೆ ಅಧಿಕಾರಿಗೆ ಹೇಳಿ, ನೀವು ಜೊತೆಗೆ ಹೋಗಿ ಸಹಾಯ ಮಾಡಲು ಅವಕಾಶ ಕೇಳಬಹುದು.

ಅವತ್ತು ರಜೆ ಇದೆಯಾ?

ಇಲ್ಲ. ಮತದಾನ ಬೆಳಗ್ಗೆ 10ರಿಂದ ರಾತ್ರಿ 8ರವರೆಗೆ. ನಿಮ್ಮ ಶಿಫ್ಟ್ ಆ ಹೊತ್ತಿನಲ್ಲಿ ಒಟ್ಟಿಗೆ ಮೂರು ಗಂಟೆ ಬಿಡುವು ಕೊಡದಿದ್ದರೆ, ಆ ಬಿಡುವನ್ನು ಕೇಳುವುದು ನಿಮ್ಮ ಹಕ್ಕು. ಗೋದಾಮು, ಕಾಲ್ ಸೆಂಟರ್ ಕೆಲಸದವರು ಇದನ್ನು ನೆನಪಿಡಿ. ಅದಕ್ಕೂ ಮೊದಲೇ ಮುಂಗಡ ಮತದಾನದ ದಿನಗಳೂ ಇರುತ್ತವೆ.

ಅಕ್ಟೋಬರ್‌ನಲ್ಲಿ ಊರಿಗೆ ಹೋಗಿರುತ್ತೇನೆ. ಆನ್‌ಲೈನ್ ಮತ ಇದೆಯಾ?

ಒಂಟಾರಿಯೊದ ನೂರಾರು ಸಣ್ಣ ಊರುಗಳಲ್ಲಿ ಆನ್‌ಲೈನ್ ಮತದಾನ ಉಂಟು. ಲಂಡನ್ ಕಾಗದಕ್ಕೇ ಅಂಟಿಕೊಂಡಿದೆ. ನನಗೆ ಇದರಲ್ಲಿ ಬೇಸರ ಇಲ್ಲ. 2018ರಲ್ಲಿ ಆನ್‌ಲೈನ್ ಇಟ್ಟ ಹಲವು ಊರುಗಳಲ್ಲಿ ಸಂಜೆ ಸಿಸ್ಟಮ್ ನಿಧಾನವಾಗಿ, ಕೆಲವು ಕಡೆ ಮತದಾನವನ್ನು ಮರುದಿನಕ್ಕೆ ಎಳೆಯಬೇಕಾಯಿತು.

ಊರಿಗೆ ಹೋಗುವವರಿಗೆ ದಾರಿ ಎಂದರೆ ಪ್ರಾಕ್ಸಿ. ನಿಮ್ಮ ಪರವಾಗಿ ಇನ್ನೊಬ್ಬರನ್ನು ನೇಮಿಸುವುದು. ಅವರೂ ಲಂಡನ್‌ನಲ್ಲಿ ಮತ ಇರುವವರೇ ಆಗಿರಬೇಕು. ಫಾರಂ ತುಂಬಿ, ಚುನಾವಣೆ ನಡೆಸುವ ಸಿಟಿ ಕ್ಲರ್ಕ್ ಕಚೇರಿಯಲ್ಲಿ ಸೀಲು ಹಾಕಿಸಿಕೊಳ್ಳಬೇಕು. ಅಣ್ಣ ತಂಗಿ, ಗಂಡ ಹೆಂಡತಿ, ಹೆತ್ತವರು ಹೀಗೆ ಸಂಬಂಧಿಕರಾದರೆ ಒಬ್ಬರೇ ಹಲವರಿಗೆ ಪ್ರಾಕ್ಸಿ ಆಗಬಹುದು. ಹೊರಗಿನವರಾದರೆ ಒಬ್ಬರಿಗೆ ಮಾತ್ರ. ಫ್ಲೈಟ್ ಹತ್ತುವ ಹಿಂದಿನ ದಿನ ನೆನಪಾದರೆ ಆಗುವ ಕೆಲಸ ಅಲ್ಲ ಇದು.

ಲಿಬರಲ್ ಯಾರು, ಕನ್ಸರ್ವೇಟಿವ್ ಯಾರು?

ಮತಪತ್ರದ ಮೇಲೆ ಪಕ್ಷವೇ ಇಲ್ಲ. ವ್ಯಾಂಕೂವರ್, ಮಾಂಟ್ರಿಯಲ್‌ನಲ್ಲಿ ಊರಿನದೇ ಪಕ್ಷಗಳಿವೆ, ಒಂಟಾರಿಯೊದಲ್ಲಿ ಇಲ್ಲ. ಹಾಗೆಂದು ಎಲ್ಲರೂ ಪಕ್ಷಾತೀತರು ಎಂದೇನಲ್ಲ. 2018ರಲ್ಲಿ ಮೇಯರ್ ಆದ ಎಡ್ ಹೋಲ್ಡರ್ ಹಿಂದೆ ಕನ್ಸರ್ವೇಟಿವ್ ಸಂಸದರು. 2010ರಲ್ಲಿ ಗೆದ್ದ ಜೋ ಫಾಂಟಾನಾ ಹಿಂದೆ ಲಿಬರಲ್ ಸಂಸದರು.

ಪಕ್ಷ ಇಲ್ಲದೆ ಯಾರಿಗೆ ಹಾಕುವುದು ಎಂದು ಹೇಗೆ ನಿರ್ಧರಿಸಲಿ?

ಕಷ್ಟ ಇರುವುದು ಇಲ್ಲೇ. ಹೊಸಬರಾದರೆ ಚರ್ಚೆಗಳಿಗೆ ಹೋಗಿ ಕೇಳಿ. ಹಳಬರಾದರೆ ಅವರು ಹೇಗೆ ಮತ ಹಾಕಿದ್ದಾರೆ ಎಂದು ನೋಡಿ, ಕೌನ್ಸಿಲ್ ನಡಾವಳಿಯಲ್ಲಿ ಯಾರು ಹೌದು ಅಂದರು, ಯಾರು ಇಲ್ಲ ಅಂದರು ಎಲ್ಲ ಇರುತ್ತದೆ. ಕರಪತ್ರದಲ್ಲಿ ಎಲ್ಲರೂ ಒಳ್ಳೆಯ ಬಸ್ಸಿನ ಪರವೇ. 2019ರಲ್ಲಿ ಬಸ್ ರ್‍ಯಾಪಿಡ್ ಟ್ರಾನ್ಸಿಟ್ (ಬಸ್ಸಿಗೇ ಮೀಸಲಾದ ಲೇನ್) ಯೋಜನೆಯನ್ನು ತುಂಡು ತುಂಡು ಮಾಡಿ ಮತಕ್ಕೆ ಹಾಕಿದಾಗ ಕೌನ್ಸಿಲ್ ಪೂರ್ವ, ದಕ್ಷಿಣದ ಮಾರ್ಗಗಳನ್ನು ಉಳಿಸಿಕೊಂಡು ಉತ್ತರ, ಪಶ್ಚಿಮದ ಮಾರ್ಗಗಳನ್ನು ಕೈಬಿಟ್ಟಿತು. ಉತ್ತರದ ಮಾರ್ಗ ವೆಸ್ಟರ್ನ್ ಯೂನಿವರ್ಸಿಟಿ ಕಡೆ ಹೋಗಬೇಕಾಗಿದ್ದದ್ದು. ಇವತ್ತು ತುಂಬಿದ ಬಸ್ ನಿಲ್ಲಿಸದೆ ಹೋದಾಗ ಡ್ರೈವರ್‌ಗೆ ಬೈಯುವ ಬದಲು ಆ ದಿನದ ನಡಾವಳಿ ತೆಗೆದು ಓದಿ.

ಚುನಾವಣೆ ಮುಗಿದ ಮೇಲೆ ಪ್ರತಿ ಅಭ್ಯರ್ಥಿಯೂ ಖರ್ಚುವೆಚ್ಚದ ಲೆಕ್ಕ ಕೊಡಬೇಕು. 100 ಡಾಲರ್‌ಗಿಂತ ಜಾಸ್ತಿ ಕೊಟ್ಟವರ ಹೆಸರೂ ಅದರಲ್ಲಿರುತ್ತದೆ, ಯಾರು ಬೇಕಾದರೂ ನೋಡಬಹುದು. ಕಟ್ಟಡ ಕಟ್ಟುವವರ ಕುಟುಂಬದ ಹೆಸರುಗಳು ಯಾರ ಪಟ್ಟಿಯಲ್ಲಿ ಎಷ್ಟಿವೆ ಎಂದು ಹುಡುಕುವುದು ಒಂದು ಭಾನುವಾರ ಮಧ್ಯಾಹ್ನಕ್ಕೆ ಒಳ್ಳೆಯ ಕೆಲಸ.

ಲಂಡನ್‌ನಲ್ಲಿ ಒಂದು, ಎರಡು, ಮೂರು ಎಂದು ಕ್ರಮ ಹಾಕಿ ಮತ ಹಾಕುತ್ತಿದ್ದರಂತಲ್ಲ?

ಒಂದೇ ಒಂದು ಸಲ, 2018ರಲ್ಲಿ. ಈಗಿನ ಕಾಲದಲ್ಲಿ ಈ ರೀತಿ ಮತ ಪಡೆದ ಕೆನಡಾದ ಮೊದಲ ನಗರ ಲಂಡನ್. ಮತದಾರರು ಮೂರು ಜನರವರೆಗೆ ಕ್ರಮ ಕೊಡಬಹುದಿತ್ತು. ಮೊದಲ ಆಯ್ಕೆಗಳಲ್ಲೇ ಯಾರಿಗಾದರೂ ಅರ್ಧಕ್ಕಿಂತ ಜಾಸ್ತಿ ಬಂದರೆ ಅವರೇ ಗೆದ್ದರು. ಬರದಿದ್ದರೆ ಕೊನೆಯವರನ್ನು ತೆಗೆದು, ಅವರಿಗೆ ಹಾಕಿದವರ ಎರಡನೇ ಆಯ್ಕೆ ನೋಡಿ ಆ ಮತಗಳನ್ನು ಉಳಿದವರಿಗೆ ಹಂಚುವುದು. ಮತ್ತೆ ಕೊನೆಯವರನ್ನು ತೆಗೆಯುವುದು. ಹೀಗೆ ಸುತ್ತಿನ ಮೇಲೆ ಸುತ್ತು. ಮೇಯರ್ ಸ್ಥಾನಕ್ಕೆ 14 ಜನ ನಿಂತಿದ್ದರು, ಮೊದಲ ಸುತ್ತಿನಲ್ಲಿ ಯಾರಿಗೂ ಅರ್ಧ ಬರಲಿಲ್ಲ. ಸೋಮವಾರ ರಾತ್ರಿ ಟಿವಿ ಮುಂದೆ ಕುಳಿತವರಿಗೆ ಉತ್ತರ ಸಿಕ್ಕಿದ್ದು ಮಂಗಳವಾರ. ಎಡ್ ಹೋಲ್ಡರ್ ಗೆದ್ದರು. ಅದೇ ಚುನಾವಣೆಯಲ್ಲಿ ವಾರ್ಡ್ 13ರಿಂದ ಅರಿಯೆಲ್ ಕಯಾಬಾಗಾ ಗೆದ್ದು ಲಂಡನ್ ಕೌನ್ಸಿಲ್‌ನ ಮೊದಲ ಕಪ್ಪು ಮಹಿಳೆಯಾದರು, 2021ರಲ್ಲಿ ಸಂಸದರೂ ಆದರು.

ಕಿಂಗ್‌ಸ್ಟನ್, ಕೇಂಬ್ರಿಜ್ ಊರಿನವರು ಅದೇ ವರ್ಷ ಜನಮತ ಕೇಳಿ, ನಮಗೂ ಈ ಪದ್ಧತಿ ಬೇಕು ಅಂದಿದ್ದರು. ಅಷ್ಟರಲ್ಲಿ 2020ರ ನವೆಂಬರ್‌ನಲ್ಲಿ ಪ್ರಾಂತ್ಯ ಸರ್ಕಾರ ಕೋವಿಡ್ ಸಂಬಂಧದ ಒಂದು ಮಸೂದೆಯೊಳಗೆ ಇದನ್ನೂ ತುರುಕಿ, ಯಾವ ಊರೂ ಈ ಪದ್ಧತಿ ಬಳಸುವಂತಿಲ್ಲ ಎಂದುಬಿಟ್ಟಿತು. ಲಂಡನ್ ಜನ ಒಂದು ಸಲ ಮಾಡಿ ತೋರಿಸಿದ್ದನ್ನು ಲಂಡನ್ ಜನರನ್ನೇ ಕೇಳದೆ ಕಿತ್ತುಕೊಂಡರು. 2022ರಿಂದ ಮತ್ತೆ ಹಳೆಯದೇ: ಯಾರಿಗೆ ಜಾಸ್ತಿ ಮತವೋ ಅವರು ಗೆದ್ದರು, ಅರ್ಧ ಬರಬೇಕೆಂದಿಲ್ಲ.

ಮೇಯರ್‌ಗೆ ಈಗ ಅಧಿಕಾರ ಜಾಸ್ತಿ ಆಗಿದೆಯಂತೆ, ನಿಜವಾ?

ನಿಜ. ಮೊದಲು ಮೇಯರ್ ಮತವೂ 15ರಲ್ಲಿ ಒಂದು ಅಷ್ಟೇ. 2023ರ ಜುಲೈನಿಂದ ಪ್ರಾಂತ್ಯ ಸರ್ಕಾರ ಲಂಡನ್ ಮೇಯರ್‌ಗೂ ವಿಶೇಷ ಅಧಿಕಾರ ಕೊಟ್ಟಿದೆ. 2031ರೊಳಗೆ 47,000 ಮನೆ ಕಟ್ಟಿಸುತ್ತೇವೆ ಎಂದು ಲಂಡನ್ ಒಪ್ಪಿಕೊಂಡದ್ದಕ್ಕೆ ಸಿಕ್ಕಿದ್ದು ಇದು. ಬಜೆಟ್ ಮಂಡಿಸುವುದು ಈಗ ಮೇಯರ್. ಮನೆ ಕಟ್ಟುವಂಥ ಪ್ರಾಂತ್ಯದ ಆದ್ಯತೆಗಳಿಗೆ ಅಡ್ಡ ಬರುವ ಬೈಲಾವನ್ನು (ಊರಿನ ನಿಯಮ) ಮೇಯರ್ ತಡೆಯಬಹುದು. ಆ ತಡೆ ಮುರಿಯಲು ಮೂರನೇ ಎರಡು ಬಹುಮತ, ಅಂದರೆ 15ರಲ್ಲಿ 10 ಮತ ಬೇಕು. ಆ ಆದ್ಯತೆಗಳ ಬೈಲಾ ಪಾಸು ಮಾಡಲು ಮೂರನೇ ಒಂದಕ್ಕಿಂತ ಒಂದು ಜಾಸ್ತಿ ಇದ್ದರೆ ಸಾಕು, ಅಂದರೆ ಆರೇ ಮತ. ಬೇಡ ಅನ್ನುವವರು ಒಂಬತ್ತು ಜನ ಇದ್ದರೂ ಪಾಸಾಗುವ ಸಭೆ ಇದು! ಹಾಗಾಗಿ ಮೂರು ಮತಗಳಲ್ಲಿ ಮೇಯರ್ ಮತಕ್ಕೆ ಈಗ ಮೊದಲಿಗಿಂತ ತೂಕ ಜಾಸ್ತಿ.

ಶಾಲಾ ಟ್ರಸ್ಟಿ ಮತ ಯಾವ ಮಂಡಳಿಗೆ?

ಲಂಡನ್‌ನಲ್ಲಿ ನಾಲ್ಕು ಮಂಡಳಿ: ಇಂಗ್ಲಿಷ್ ಸಾರ್ವಜನಿಕ, ಇಂಗ್ಲಿಷ್ ಕ್ಯಾಥೊಲಿಕ್, ಫ್ರೆಂಚ್ ಸಾರ್ವಜನಿಕ, ಫ್ರೆಂಚ್ ಕ್ಯಾಥೊಲಿಕ್. ನೀವಾಗಿ ಬದಲಾಯಿಸದಿದ್ದರೆ ನಿಮ್ಮದು ಇಂಗ್ಲಿಷ್ ಸಾರ್ವಜನಿಕ, ಅಂದರೆ ಥೇಮ್ಸ್ ವ್ಯಾಲಿ ಮಂಡಳಿ. 2025ರ ಏಪ್ರಿಲ್‌ನಲ್ಲಿ ಪ್ರಾಂತ್ಯ ಸರ್ಕಾರ ಈ ಮಂಡಳಿಗೆ ಮೇಲ್ವಿಚಾರಕರನ್ನು ನೇಮಿಸಿತು, ತೀರ್ಮಾನ ಮಾಡುವ ಅಧಿಕಾರ ಟ್ರಸ್ಟಿಗಳ ಕೈತಪ್ಪಿತು. ಹಿರಿಯ ಅಧಿಕಾರಿಗಳು ಟೊರಾಂಟೊದ ಸ್ಟೇಡಿಯಂ ಹೋಟೆಲಿನಲ್ಲಿ ಸುಮಾರು 40,000 ಡಾಲರ್ ಖರ್ಚು ಮಾಡಿ ಸಭೆ ನಡೆಸಿದ್ದು ಅದಕ್ಕೆ ಮೊದಲು ದೊಡ್ಡ ಗಲಾಟೆಯಾಗಿತ್ತು.

ನಾನೇ ನಿಂತರೆ?

ಪ್ರಜೆಯಾಗಿದ್ದು ಇಲ್ಲಿ ಮತ ಇದ್ದರೆ ನಿಲ್ಲಬಹುದು. ಆ ವಾರ್ಡಿನಲ್ಲೇ ವಾಸ ಇರಬೇಕೆಂದಿಲ್ಲ. ಕೌನ್ಸಿಲರ್‌ಗೆ 100, ಮೇಯರ್‌ಗೆ 200 ಡಾಲರ್ ಕಟ್ಟಬೇಕು, 25 ಮತದಾರರ ಸಹಿ ಬೇಕು. ಟ್ರಸ್ಟಿಗೆ ಸಹಿ ಬೇಡ. ಠೇವಣಿ ಉಳಿಯುವುದು ಎಷ್ಟು ಮತ ಬಂತು ಎನ್ನುವುದರ ಮೇಲಲ್ಲ, ಖರ್ಚಿನ ಲೆಕ್ಕ ಹೊತ್ತಿಗೆ ಸರಿಯಾಗಿ ಕೊಟ್ಟಿರಾ ಎನ್ನುವುದರ ಮೇಲೆ. ನಾಮಪತ್ರ ಮೇ ತಿಂಗಳಿಂದ ಆಗಸ್ಟ್ ಮೂರನೇ ಶುಕ್ರವಾರ ಮಧ್ಯಾಹ್ನ 2ರವರೆಗೆ. ನಾಮಪತ್ರ ಹಾಕುವ ಮುಂಚೆ ಒಂದು ಡಾಲರ್ ಕೂಡ ಎತ್ತುವಂತಿಲ್ಲ, ಖರ್ಚು ಮಾಡುವಂತಿಲ್ಲ.

ಇಬ್ಬರಿಗೂ ಸಮ ಮತ ಬಂದರೆ?

ಮರು ಎಣಿಕೆ. ಆಗಲೂ ಸಮ ಬಂದರೆ ಕ್ಲರ್ಕ್ ಚೀಟಿ ಎತ್ತುತ್ತಾರೆ.

ಮೇಯರ್ ಮಧ್ಯದಲ್ಲೇ ಬಿಟ್ಟು ಹೋದರೆ?

ಮೇಯರ್‌ಗೆ ವಿಶೇಷ ಅಧಿಕಾರ ಬಂದ ಮೇಲೆ ಉಪಚುನಾವಣೆಯನ್ನೇ ಮಾಡಬೇಕು. ಚುನಾವಣೆ ವರ್ಷದ ಮಾರ್ಚ್ ದಾಟಿದರೆ ಉಪಚುನಾವಣೆ ಇಲ್ಲ, ಕೌನ್ಸಿಲ್ ನೇಮಿಸುತ್ತದೆ. ಲಂಡನ್ ಇದನ್ನು ನೋಡಿದೆ. ಜೋ ಫಾಂಟಾನಾ ಸಂಸದರಾಗಿದ್ದಾಗ 2005ರಲ್ಲಿ ಮಗನ ಮದುವೆ ಹಾಲ್‌ನ ಮುಂಗಡ 1,700 ಡಾಲರನ್ನು ಸರ್ಕಾರದ ಹಣದಿಂದ ಕಟ್ಟಿಸಿದ್ದರು. ಅದಕ್ಕೆ ಕಾಗದ ತಿದ್ದಿದ್ದೂ ಸೇರಿ 2014ರ ಜೂನ್‌ನಲ್ಲಿ ಕೋರ್ಟು ಅವರನ್ನು ತಪ್ಪಿತಸ್ಥ ಎಂದಿತು, ಅವರು ರಾಜೀನಾಮೆ ಕೊಟ್ಟರು. ಉಳಿದ ತಿಂಗಳುಗಳಿಗೆ ಕೌನ್ಸಿಲ್ ತನ್ನವರೇ ಆದ ಜೋನಿ ಬೇಕ್ಲರ್ ಅವರನ್ನು ನೇಮಿಸಿತು.

ಅಷ್ಟೊಂದು ಜನರಲ್ಲಿ ನನ್ನ ಒಂದು ಮತದಿಂದ ಏನಾಗುತ್ತದೆ?

ಅಷ್ಟೊಂದು ಜನ ಎಲ್ಲಿ ಬಂದರು? 2022ರಲ್ಲಿ ಲಂಡನ್‌ನಲ್ಲಿ ಮತ ಹಾಕಿದ್ದು ನಾಲ್ವರಲ್ಲಿ ಒಬ್ಬರು. ಒಟ್ಟು ಸುಮಾರು 70 ಸಾವಿರ ಮತ. 14 ವಾರ್ಡಿಗೆ ಹಂಚಿದರೆ ಒಂದೊಂದಕ್ಕೆ ಸುಮಾರು 5 ಸಾವಿರ. ನಾಲ್ಕೈದು ಜನ ನಿಂತ ವಾರ್ಡಿನಲ್ಲಿ ಗೆಲ್ಲಲು ಎಷ್ಟು ಬೇಕು, ನೀವೇ ಲೆಕ್ಕ ಹಾಕಿ. ಒಂದು ದೊಡ್ಡ ಅಪಾರ್ಟ್‌ಮೆಂಟ್ ಕಟ್ಟಡದವರು ಒಟ್ಟಾಗಿ ಹೋದರೆ ಅಭ್ಯರ್ಥಿಗಳು ಆ ಕಟ್ಟಡದ ಲಿಫ್ಟ್ ಹತ್ತಿ ಬಾಗಿಲು ತಟ್ಟುತ್ತಾರೆ.

ಗೆದ್ದವರು ಅಧಿಕಾರ ಹಿಡಿಯುವುದು ಯಾವಾಗ?

ನವೆಂಬರ್ 15ಕ್ಕೆ. ಫಲಿತಾಂಶ ಸಾಮಾನ್ಯವಾಗಿ ಅದೇ ರಾತ್ರಿ ಬರುತ್ತದೆ, ಆದರೂ ಅಲ್ಲಿವರೆಗೆ ಹಳೆಯ ಕೌನ್ಸಿಲೇ ಕೆಲಸ ಮಾಡುತ್ತದೆ. ಹಳಬರಲ್ಲಿ ವಾಪಸ್ ಬರುವವರು ನಾಲ್ಕನೇ ಮೂರು ಭಾಗಕ್ಕಿಂತ ಕಡಿಮೆ ಎಂದು ಖಚಿತವಾದರೆ, ಬಜೆಟ್‌ನಲ್ಲಿ ಇಲ್ಲದ 50,000 ಡಾಲರ್ ಮೇಲಿನ ಖರ್ಚನ್ನು ಅವರು ಮಾಡುವಂತಿಲ್ಲ. ಹಾಗಾಗಿ ನಿಮ್ಮ ಬೀದಿಯ ಹೊಸ ಫುಟ್‌ಪಾತಿನ ಅರ್ಜಿಯನ್ನು ಅಕ್ಟೋಬರ್ ಕೊನೆಗೆ ಕೊಡುವ ಬದಲು, ಹೊಸಬರು ಕುರ್ಚಿಯಲ್ಲಿ ಕುಳಿತ ಮೇಲೆ, ಬಜೆಟ್ ಚರ್ಚೆ ಶುರುವಾಗುವ ಮುಂಚೆ ಕೊಡಿ.